ಮೂರು ಊರಿಗೆ ಒಂದೇ ಶೀಲ್ಡು

ನನಗೆ ಹಾಡಲು ಬರುವುದಿಲ್ಲ. ಆದರೂ ನಾನು ಬಹುಮಾನ ಪಡೆದ ಗಾಯಕಿ! ವೃಂದಗಾನದಲ್ಲಿ ಮಾತ್ರ ಇಂಥ ಪವಾಡ ನಡೆಯುತ್ತದೆ. ಬೇಯದ ತೊಗರಿಬೇಳೆ ಸಾರಿನಲ್ಲಿ ಅಡಗಿದಂತೆ ನನ್ನ ದನಿ ಉಳಿದವರ ದನಿಯೊಳಗೆ ಅಡಗುತ್ತದೆ. ಹಲ್ಲಿಗೆ ಸಿಕ್ಕರಷ್ಟೇ ಪತ್ತೆ. ‘ವೃಂದ’ ಎಂದರೇನೆಂದು ಸಂಸ್ಕೃತ ಬಲ್ಲ ನಮ್ಮ ಮನೆಯವರನ್ನು ಕೇಳಿದ್ದೆ. “ಗುಂಪು ಅಂತ. ನಿಂದು ಗುಂಪಿನಾಗ ಗೋವಿಂದ,” ಎಂದರು.

ಆಳಂದ, ಅಫಜಲಪುರ, ಜೇವರ್ಗಿಯ ಹೆಂಗಸರು ಸೇರಿ ಕಟ್ಟಿದ ವೃಂದ ನಮ್ಮದು. ವಚನ ಕೇಳುತ್ತ ಬೆಳೆದವರೂ ಇದ್ದಾರೆ, ಬುದ್ಧ-ಭೀಮರ ಹಾಡು ಕೇಳುತ್ತ ಬೆಳೆದವರೂ ಇದ್ದಾರೆ. ಅಫಜಲಪುರದಲ್ಲಿ ಸೀರೆ ಅಂಗಡಿ ಇಟ್ಟಿರುವ ಶಾಂತಾಬಾಯಿಯದು ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ. ಜೇವರ್ಗಿಯ ನರ್ಸ್ ನಾಗಮ್ಮನದು ಮುಖ್ಯ ದನಿ. ಆಳಂದದ ನನ್ನದು ತಾಳ, ಮತ್ತು ಎಲ್ಲರಿಗೂ ಚಹಾ.

ಕಲಬುರಗಿಯ ಸ್ಪರ್ಧೆಯಲ್ಲಿ ಮೊದಲ ಸಲ ಗೆದ್ದು ಬಾಡಿಗೆಯ ಕ್ರೂಸರ್ ಗಾಡಿ ಹತ್ತಿದೆವು. ಊರು ದಾಟುವುದರೊಳಗೆ ಜಗಳ ಶುರುವಾಯಿತು. ಶೀಲ್ಡು ಯಾರ ಊರಿಗೆ?

“ಪೇಟಿ ನಂದು, ಶೀಲ್ಡೂ ನಂದ,” ಎಂದರು ಶಾಂತಾಬಾಯಿ.

“ತಾಲೀಮು ನಡದದ್ದು ನಮ್ಮ ಮನ್ಯಾಗ್ರಿ. ಚಹಾ ಕಾಸಿ ಕಾಸಿ ಕೈ ಸೋತಾವ,” ಎಂದೆ ನಾನು.

“ಹಂಗಾದ್ರ ಮುಂದಿನ ವರ್ಷ ಚಹಾನ ಹಾಡ್ಲಿ! ನಾ ಬರಂಗಿಲ್ಲ,” ಎಂದು ಅವರು ಕಿಟಕಿಯ ಕಡೆ ತಿರುಗಿ ಕುಳಿತರು. ವೃಂದ ಒಡೆಯುವುದು ಖಚಿತವೆನಿಸಿತು.

ನಿಜಕ್ಕೂ ಹಕ್ಕಿದ್ದವಳು ನಾಗಮ್ಮ. ಅವಳೇ ಹೇಳಿದಳು: “ಈ ವರ್ಷ ಆಳಂದಕ್ಕ ಹೋಗ್ಲಿ. ಮುಂದಿನ ವರ್ಷ ಇನ್ನೊಂದು ಗೆದ್ದು ಅಫಜಲಪುರಕ್ಕ ಕೊಡೋಣು. ಕಡೀಗೆ ಜೇವರ್ಗಿಗೆ.”

“ಗೆಲ್ಲಲಿಲ್ಲ ಅಂದ್ರ?” ಎಂದು ನಾನು ಕೇಳಿದೆ.

“ಶಾಂತಕ್ಕಗ ಮಾತು ಕೊಟ್ಟ ಮ್ಯಾಲೆ ಗೆಲ್ಲಲೇಬೇಕಲ್ರಿ!”

ಕಲಾಸೇವೆಗೆ ಭಕ್ತಿ ಬೇಕು ಎನ್ನುತ್ತಾರೆ. ನಮ್ಮನ್ನು ಮುಂದೆ ನಡೆಸಿದ್ದು ಶೀಲ್ಡಿನ ದುರಾಸೆ. ಮರುವರ್ಷ ಗೆದ್ದೆವು. ಶಾಂತಾಬಾಯಿ ಶೀಲ್ಡನ್ನು ಇಳಕಲ್ ಸೀರೆಗಳ ನಡುವೆ ಇಟ್ಟು, ಕೊಳ್ಳಲು ಬಂದವರಿಗೆಲ್ಲ ಸೀರೆಗಿಂತ ಮೊದಲು ಅದನ್ನೇ ತೋರಿಸಿದರು.

ಮೂರನೆಯ ವರ್ಷ ಮಾತ್ರ ಬೇರೆಯೇ ಆಯಿತು. ವೇದಿಕೆ ಹತ್ತುವಾಗ ಶಾಂತಾಬಾಯಿ ನನ್ನ ಸೆರಗು ಹಿಡಿದು ಜಗ್ಗಿದರು. “ಇವತ್ತ ನಾಗಮ್ಮನ ಸಲುವಾಗಿ ಬಾರಿಸ್ತೇನಿ. ನೀ ಸಣ್ಣಗ ಹಾಡಬೇ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ತುಟಿಯನ್ನಷ್ಟೇ ಆಡಿಸಿದೆ. ಅಷ್ಟು ಭಕ್ತಿಯಿಂದ ನಾನೆಂದೂ ಹಾಡಿರಲಿಲ್ಲ.

ಗೆದ್ದೆವು! ಜೇವರ್ಗಿಯಲ್ಲಿ ಹಲಗೆ ಬಾರಿಸಿ ಬರಮಾಡಿಕೊಂಡರು. ಎಂಥ ಗಾಯ ಕಂಡರೂ ಕಣ್ಣು ಮಿಟುಕಿಸದ ನಾಗಮ್ಮ ಶೀಲ್ಡನ್ನು ಎದೆಗವಚಿಕೊಂಡು ಗಳಗಳ ಅತ್ತಳು. ನಾವೂ ಅತ್ತೆವು, ಅದೂ ವೃಂದದಲ್ಲೇ.

ಕಣ್ಣೊರೆಸಿಕೊಳ್ಳುತ್ತ ಶಾಂತಾಬಾಯಿ, “ಇನ್ನ ಯಾವ ಊರಿಗೆ ಗೆಲ್ಲೂದು?” ಎಂದರು. ಆಗ ಮೂರು ವರ್ಷವೂ ನಮ್ಮನ್ನು ಕರೆದೊಯ್ದ ಕ್ರೂಸರಿನ ಡ್ರೈವರ್ ಹಿಂದಿನಿಂದ ಕೂಗಿದ: “ನಮ್ಮೂರು ಖಜೂರಿಗೂ ಒಂದು ಬೇಕ್ರಿ, ಅಕ್ಕಾರ!”

ಆಸೆಗೆ ಕೊನೆಯಿಲ್ಲ ಎಂದು ಹಿರಿಯರು ಬೈದರಲ್ಲ, ಅವರು ಯಾವ ವೃಂದದಲ್ಲೂ ಹಾಡಿರಲಿಕ್ಕಿಲ್ಲ. ನಾವು ಅಲ್ಲೇ, ರಸ್ತೆಯ ಬದಿಯಲ್ಲೇ, ಮುಂದಿನ ವರ್ಷದ ತಾಲೀಮಿಗೆ ಪೇಟಿ ಬಿಚ್ಚಿದೆವು.