ಆಕೆ ಬರೆದಿಟ್ಟ ರೀಡ್‌ಮಿ

ಇಂಟರ್‌ನೆಟ್ಟು ಟೆಲಿಫೋನಿನ ತಂತಿಯೊಳಗೆ ಕೂಗಾಡುತ್ತ ಬರುತ್ತಿದ್ದ ಕಾಲ. ಉಣಕಲ್ಲಿನ ನಮ್ಮ ಮನೆಯ ಕಂಪ್ಯೂಟರಿಗೆ ನಾನು ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಿಕೊಂಡಿದ್ದೆ. ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಅದೇಕೆ ಎಂದು ಯಾರೂ ಕೇಳಲಿಲ್ಲ; ಉತ್ತರ ಮಾತ್ರ ಸಿದ್ಧವಿತ್ತು.

ಅದರಲ್ಲಿ ಹೊಸ ಪ್ರೋಗ್ರಾಂ ಬೇಕೆಂದರೆ, ಒತ್ತಿ ಕಟ್ಟಿದ ಕಡತಗಳ ಗಂಟೊಂದು ಬರುತ್ತಿತ್ತು. ಬಿಚ್ಚಬೇಕು, ಒಳಗಿನ 'ರೀಡ್‌ಮಿ' ಎಂಬ ಕಡತ ಓದಬೇಕು, ಅದು ಹೇಳಿದಂತೆ ನಾವೇ ಜೋಡಿಸಿಕೊಳ್ಳಬೇಕು. ನಾನು ಸ್ನಾನ ಮಾಡಿ, ಕನ್ನಡಕ ಒರೆಸಿ, ರೀಡ್‌ಮಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. "ಸಂಕಲ್ಪ ಮುಗೀತೇನ್ರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಿದ್ದಳು.

ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಮಾತಾಡತೊಡಗಿದ ಮೇಲೆ ಆಕೆ ಕಂಪ್ಯೂಟರಿನ ಮುಂದೆ ಕೂತಳು. ಒಂದೇ ಬೆರಳಿನಿಂದ, ನಾಲ್ಕು ದಿನ.

"ಏನ್ ಬರ್ಯಾಕತ್ತಿ?"

"ನಾ ಹೋದಮ್ಯಾಲ ನೀವು ಏನೇನ್ ಮಾಡಬೇಕು ಅಂತ. ಬಾಯಿಲೆ ಹೇಳಿದ್ರ ನಡುವ ವಾದ ತಗೀತೀರಿ. ಹೆಸರೂ ರೀಡ್‌ಮಿ ಅಂತನ ಇಟ್ಟೇನಿ. ಬ್ಯಾರೆ ಏನಿಟ್ರೂ ನೀವು ಓದೂದಿಲ್ಲ."

ದೂರು ಒಂದೇ ಇತ್ತು. "ಇಂಗ್ಲಿಷ್ ಅಕ್ಷರದಾಗ ಕನ್ನಡ ಬರಿಯೂದಂದ್ರ ಮಂದಿ ಚಪ್ಪಲಿ ಮೆಟ್ಟಿ ನಡದಂಗ ಆಗ್ತದ್ರಿ. ಕನ್ನಡ ಹಾಕಿ ಕೊಡ್ರಿ, ಕಡೀದಷ್ಟು ಅದರಾಗ ಬರೀತೇನಿ. ಅಲ್ಲೀತನಕ ಓದಬ್ಯಾಡ್ರಿ."

ಹುಬ್ಬಳ್ಳಿಯ ಗೆಳೆಯನೊಬ್ಬನಿಂದ ಕನ್ನಡದ ಪ್ರೋಗ್ರಾಂ ಫ್ಲಾಪಿಯಲ್ಲಿ ತಂದು, ಮಧ್ಯಾಹ್ನ ಆಕೆ ನಿದ್ದೆಹೋದಾಗ ಬಿಚ್ಚಿದೆ. ಇಂಥ ಗಂಟುಗಳು ಸಾಮಾನ್ಯವಾಗಿ ತಮ್ಮದೇ ಫೋಲ್ಡರ್ ತರುತ್ತವೆ, ಸ್ವಂತ ಹಾಸಿಗೆ ಸುತ್ತಿಕೊಂಡು ಬರುವ ನೆಂಟರ ಹಾಗೆ. ಇದು ತರಲಿಲ್ಲ. ಆಕೆಯ ಕಡತವಿದ್ದ ಜಾಗದಲ್ಲೇ ಎಲ್ಲವನ್ನೂ ಚೆಲ್ಲಿತು. ಹೆಸರು ಒಂದೇ ಆದದ್ದರಿಂದ ಅದರ ರೀಡ್‌ಮಿ ಆಕೆಯ ರೀಡ್‌ಮಿಯನ್ನು ಅಳಿಸಿ ಅಲ್ಲಿ ಕೂತಿತು. ಒಂದು ಮಾತೂ ನನ್ನನ್ನು ಕೇಳಲಿಲ್ಲ. ಯಜಮಾನನಿಗೆ ತಿಳಿದಿರುತ್ತದೆ ಎಂಬ ನಂಬಿಕೆ ಅದಕ್ಕೆ. ನಾನು ಪದ್ಧತಿಯಂತೆ ಗಟ್ಟಿಯಾಗಿ ಓದತೊಡಗಿ, ಎರಡನೆಯ ಸಾಲಿಗೆ ನಿಲ್ಲಿಸಿದೆ. ಗೆಳೆಯನಿಗೆ ಫೋನ್ ಮಾಡಿದರೆ, ಹೋದದ್ದು ಬರುವುದಿಲ್ಲ ಎಂದ.

ಕನ್ನಡ ಮಾತ್ರ ಮುತ್ತಿನಂತೆ ಮೂಡಿತು.

"ಬಂತೇನ್ರಿ ಕನ್ನಡ?" ಆಕೆಗೆ ಎಚ್ಚರವಾಗಿತ್ತು.

"ಬಂತು."

"ಇನ್ನ ಕೈ ಏಳವಲ್ದು. ಬರದಷ್ಟ ಸಾಕು. ಈಗ ಓದ್ರಿ."

ಪರದೆಯ ಮೇಲಿನ ಇಂಗ್ಲಿಷ್ ಸೂಚನೆಗಳನ್ನು, ನಾಲ್ಕು ದಿನದ ಬರಹ ಓದಲು ಬೇಕಾಗುವಷ್ಟು ಹೊತ್ತು ನೋಡುತ್ತ ಕೂತೆ.

"ಓದಿದ್ರೇನು?"

"ಓದಿದೆ."

"ಅಷ್ಟೂ ಮಾಡ್ತೀರಿ?"

"ಮಾಡ್ತೇನಿ."

"ವಾದ ಇಲ್ಲಾ?"

"ಇಲ್ಲ."

"ಹಂಗಾರ ನೀವು ಓದಿಲ್ಲ ಬಿಡ್ರಿ," ಎಂದು ನಕ್ಕು, ಆ ಕಡೆ ಮಗ್ಗುಲಾದಳು.

ಎರಡು ವಾರದಲ್ಲಿ ಹೋದಳು. ಏನೆಂದು ತಿಳಿಯದ ಮಾತಿಗೆ ನಾನು ಬದ್ಧನಾಗಿ ಉಳಿದೆ. ಊಹಿಸಿ ನಡೆದುಕೊಳ್ಳುತ್ತೇನೆ. ಆಕೆಯ ಇಳಕಲ್ ಸೀರೆಗಳನ್ನು ಆಕೆಯ ತಂಗಿಗೇ ಕೊಟ್ಟೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಮಲ್ಲಿಗೆ ಬಳ್ಳಿಗೆ, ಬರೆದಿದ್ದಳೋ ಇಲ್ಲವೋ, ನೀರು ಹಾಕುತ್ತೇನೆ. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ನನ್ನಣ್ಣನ ಮನೆಗೆ ಒಂದು ಭಾನುವಾರ ಧಾರವಾಡಕ್ಕೂ ಹೋದೆ.

ಅಣ್ಣ ಬಾಗಿಲಲ್ಲೇ ನಿಂತ. "ಯಾರು ಕಳಿಸಿದ್ರೋ ನಿನ್ನ?"

"ಆಕಿ ಬರದಿಟ್ಟಿದ್ಲು."

ಅವನು ಒಳಗೆ ಕರೆದು ಕೂರಿಸಿ, ಚಹಾ ತರಿಸಿದ. ತನ್ನದನ್ನು ಕುಡಿದು ಮುಗಿಸಿ, "ಮತ್ತೇನ್ ಬರದಿದ್ಲು?" ಎಂದ.

ನನ್ನ ಚಹಾ ಆರಿತ್ತು. ಕುಡಿದೆ.