ಯಾರೂ ಕೀಳದ ದಾಸವಾಳ

ನನಗೆ ಬಿಳಿ ಹೂ ಸೇರುವುದಿಲ್ಲ. ಮಲ್ಲಿಗೆ ಚೆಂದವೇ, ಅದನ್ನು ಬೇರೆಯವರು ಬೆಳೆಯಲಿ. ಸಿಂಧನೂರಿನ ಬಿಸಿಲಿಗೆ ಎದುರಾಗಿ ನಿಲ್ಲುವ ತಾಕತ್ತಿರುವುದು ಕೆಂಪು, ಕೇಸರಿ, ಕಡು ಹಳದಿಗೆ ಮಾತ್ರ ಎಂದು ಮನೆ ಕಟ್ಟಿಸಿದಾಗಲೇ ತೀರ್ಮಾನಿಸಿ, ಕಾಂಪೌಂಡ್ ಗೋಡೆಯ ಉದ್ದಕ್ಕೂ ಎಂಟಡಿ ಅಗಲದ ಜಾಗ ಬಿಡಿಸಿದೆ. ಅಲ್ಲಿ ಕಾರು ನಿಲ್ಲಿಸಬಹುದಿತ್ತು ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ನಮಗೆ ಕಾರಿಲ್ಲ.

ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ನನ್ನ ತವರು ಗುರುಗುಂಟಾ ಕಡೆ. ಅಲ್ಲಿಯ ಕೆಂಪು ಮಸಬು ಮಣ್ಣನ್ನು ಚೀಲಗಳಲ್ಲಿ ತುಂಬಿ ಬಸ್ಸಿನಲ್ಲಿ ತಂದೆ. ಮಸ್ಕಿಯ ಶಾಲೆಗೆ ದಿನಾ ಹೋಗಿಬರುವ ಟೀಚರ್ ಎಂದು ಕಂಡಕ್ಟರಿಗೆ ನನ್ನ ಗುರುತಿತ್ತು. "ಏನ್ ಟೀಚರ್ರೀ, ಸಿಂಧನೂರಾಗ ಮಣ್ಣಿಗೂ ಬರ ಬಂತೇನ್ರಿ?" ಎಂದ. ಚೀಲಕ್ಕೂ ಟಿಕೆಟ್ ಹರಿ ಎಂದೆ.

ಗೋಡೆಗೆ ಒತ್ತಿ ದಾಸವಾಳ, ಅದರ ಮುಂದೆ ಬಾಳೆಯಂಥ ಎಲೆಯ ಕೆಂಪು ಕಾಬಾಳೆ, ಅಂಚಿಗೆ ಕೇಸರಿ ಅಬ್ಬಲಿಗೆ. ಎಲ್ಲಕ್ಕೂ ಮೇಲೆ ಒಂದು ಕೇಸರಿ ಮುದ್ದೆ ದಾಸವಾಳ, ಒಂದೊಂದು ಹೂ ಅಂಗೈ ಅಗಲ. ಆದರೆ ಮೊದಲ ವರ್ಷ ನಾನು ಅದರ ಹೂವನ್ನು ಗಿಡದ ಮೇಲೆ ಸರಿಯಾಗಿ ನೋಡಲೇ ಇಲ್ಲ. ಬೆಳಕು ಹರಿಯುವ ಮೊದಲೇ ಓಣಿಯವರು ಪ್ಲಾಸ್ಟಿಕ್ ಚೀಲ ಹಿಡಿದು ಬರುತ್ತಿದ್ದರು. ಗೋಡೆಯಾಚೆ ನಿಂತು ಟೊಂಗೆ ಬಗ್ಗಿಸಿ ಎಲ್ಲವನ್ನೂ ಬಿಡಿಸಿಕೊಂಡು ಹೋಗುತ್ತಿದ್ದರು. ಕೇಳಿದರೆ, ಪಕ್ಕದ ಮನೆಯ ಕಿರಾಣಿ ಅಂಗಡಿಯವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ನಗುತ್ತ ಹೇಳುತ್ತಿದ್ದಳು: "ದೇವರ ಹೂವಿಗೆ ಕಳ್ಳತನ ಅನ್ನಂಗಿಲ್ಲ ತಗೋರಿ." ನಾನು ಬೈದುಕೊಳ್ಳುತ್ತಿದ್ದೆ. ಒಂದು ದಿನವಾದರೂ ಇವರೆಲ್ಲ ನನ್ನ ಹೂವನ್ನು ಮುಟ್ಟದೆ ಇರಬಾರದೇ ಎನ್ನುತ್ತಿದ್ದೆ.

ಬುದ್ಧ ಪೂರ್ಣಿಮೆಗೆ ಪಡಸಾಲೆಯಲ್ಲಿ ಬುದ್ಧನ ಫೋಟೊ ಇಟ್ಟು ಓಣಿಯವರನ್ನೆಲ್ಲ ಪಾಯಸಕ್ಕೆ ಕರೆದೆವು. ಬಂದವರು ಫೋಟೊ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಿಮ್ಮ ಮಂದಿ ಯಾವ ಪೈಕಿ ಆಗಬೇಕ್ರಿ?" ಎಂದು ಒಬ್ಬಾಕೆ ಕೇಳಿದಳು. ದಲಿತರು ಎಂದೆ. ಮುಚ್ಚಿಡುವಂಥದ್ದು ಏನಿದೆ. ಎಲ್ಲರಿಗೂ ಏನೇನೋ ಕೆಲಸ ನೆನಪಾಯಿತು. ಪಾಯಸ ನಾವೇ ಎರಡು ದಿನ ಉಂಡೆವು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಒಂದು ಹೂವೂ ಹೋಗಿರಲಿಲ್ಲ. ಅಷ್ಟೂ ಕೇಸರಿ, ಅಷ್ಟೂ ಕೆಂಪು ಗಿಡದ ಮೇಲೇ ಇತ್ತು. ಒಂದು ಗಳಿಗೆ ಸಂತೋಷಪಟ್ಟೆನಲ್ಲ, ಅದಕ್ಕೆ ನನಗೆ ಇಂದಿಗೂ ನಾಚಿಕೆ. ಆಮೇಲೆ ಅರ್ಥವಾಯಿತು. ಸಂಜೆ ಮುದುಡಿ ಬಿದ್ದ ಹೂಗಳನ್ನು ಮೊರದ ತುಂಬ ಗುಡಿಸಿದೆ.

ಲಿಂಗಸುಗೂರಿಗೆ ಮನೆ ಬದಲಿಸೋಣ ಎಂದರು ಗಂಡ. ನೀವು ಬೇಕಾದರೆ ಹೋಗಿ, ನನ್ನ ಗಿಡ ಬೇರು ಬಿಟ್ಟಿವೆ ಎಂದೆ. ಅವತ್ತಿನಿಂದ ಹಟಕ್ಕೆ ಬಿದ್ದು ಬೆಳೆಸಿದೆ. ಮಳೆಗಾಲದಲ್ಲಿ ಕಾಬಾಳೆಯ ಗಡ್ಡೆ ಒಡೆದು ಗೇಟಿನವರೆಗೂ ಹಚ್ಚಿದೆ. ಚಳಿಗಾಲದಲ್ಲಿ ಕುರಿಗೊಬ್ಬರ ಹಾಕಿದೆ. ಬೇಸಿಗೆಯಲ್ಲಿ ಕಾಲುವೆ ಬಂದಾಗಿ ನಲ್ಲಿ ನೀರು ಅಪರೂಪವಾದಾಗ, ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲವನ್ನೂ ಹೊತ್ತು ಹಾಕಿ ನೆಲದ ಬಿರುಕಿಗೆ ಮಸಬು ತುಂಬಿದೆ. ಟೊಂಗೆಗಳು ಗೋಡೆ ದಾಟಿ ರಸ್ತೆಗೆ ಬಾಗಿದವು. ಬೇಕೆಂದೇ ಸವರಲಿಲ್ಲ. ಓಣಿಯ ತುದಿಯ ದೇವಸ್ಥಾನಕ್ಕೆ ಹೋಗುವವರು ಅವುಗಳ ಕೆಳಗೆ ತಲೆ ತಗ್ಗಿಸಿಯೇ ಹೋಗಬೇಕಿತ್ತು.

ಹೋದ ವರ್ಷ ಮುಂಗಾರು ಶುರುವಾಗಿ ಮಿರಗದ ಮಳೆ ಬಿದ್ದಾಗ ಪಕ್ಕದ ಅಕ್ಕ ಹಿತ್ತಲ ಗೋಡೆಯ ಬಳಿ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಟೀಚರ್ರೀ, ಆ ಕೇಸರಿ ದಾಸಾಳದ್ದು ಒಂದು ಕಡ್ಡಿ ಇಲ್ಲೇ ಗ್ವಾಡಿ ಮ್ಯಾಲ ಇಡ್ರಿ. ನಾ ತಗೋತೀನಿ."

"ಹಿತ್ತಲದಾಗ ಯಾಕ್ರಿ ಅಕ್ಕಾರ? ಮುಂದಿನ ಗೇಟಿಗೆ ಬರ್ರಿ, ನಿಮ್ಮ ಮುಂದೇ ಕತ್ತರಿಸಿ ಕೊಡ್ತೀನಿ" ಎಂದೆ.

ಬಂದಳು, ಓಣಿ ಮಲಗಿದ್ದ ಮಧ್ಯಾಹ್ನ. ಒಳ್ಳೆಯ ಕಡ್ಡಿಯನ್ನೇ ಆರಿಸಿ ಕೊಟ್ಟೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಬೇಸಿಗೆಗೆ ಅದು ಹೂ ಬಿಟ್ಟಿತು. ಅಕ್ಕ ದಿನಾ ಕಿತ್ತು ದೇವರಿಗೆ ಏರಿಸುತ್ತಿದ್ದಳು. ನಮ್ಮ ಅಂಗಳದಲ್ಲಿ ಅರಳಿದರೆ ಮೈಲಿಗೆ, ಅವಳ ಅಂಗಳದಲ್ಲಿ ಅರಳಿದರೆ ಮಡಿ. ಇರಲಿ ಎಂದು ಸುಮ್ಮನಿದ್ದೆ. ಒಂದು ದಿನ ಅವಳ ಮನೆಗೆ ಬಂದ ನಾಲ್ಕು ಹೆಂಗಸರು ಗಿಡದ ಸುತ್ತ ನಿಂತು, ಇಂಥಾ ದಾಸಾಳ ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. "ಲಿಂಗಸುಗೂರು ನರ್ಸರ್ಯಾಗ ತಂದೀನ್ರಿ" ಎಂದಳು ಅಕ್ಕ.

ನಾನು ಗೋಡೆಯ ಈಚೆ ಬಕೆಟ್ ಹಿಡಿದು ನಿಂತಿದ್ದೆ. ಬಕೆಟ್ ಕೆಳಗಿಟ್ಟು ಕತ್ತು ಎತ್ತಿದೆ.

"ಅಕ್ಕಾರ, ನಮ್ಮ ಗಿಡದ ಕಡ್ಡಿ ಅದು. ಬುಡಕ್ಕ ನೀರು ನಿಂದ್ರಸಬ್ಯಾಡ್ರಿ, ಬೇರು ಕೊಳೀತಾವ."

ನಾನು ಎಲ್ಲ ಗಿಡಗಳಿಗೂ ನೀರು ಹಾಕಿ ಮುಗಿಸಿಯೇ ಒಳಗೆ ಬಂದೆ.

ಗಿಡ ಕಿತ್ತು ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆಯಲಿಲ್ಲ. ಹೂ ಕೀಳುವುದನ್ನು ಮಾತ್ರ ಬಿಟ್ಟಳು. ಸಂಜೆ ಅವಳೂ ಮುದುಡಿದ ಹೂ ಗುಡಿಸುತ್ತಾಳೆ, ನಾನೂ ಗುಡಿಸುತ್ತೇನೆ. ಹೂ ಗಿಡದ ಮೇಲೇ ಬಾಡುವ ಮನೆಗಳು ನಮ್ಮ ಓಣಿಯಲ್ಲಿ ಈಗ ಎರಡು. ಮಿರಗದ ಮಳೆಯೊಂದು ಬೀಳಲಿ. ಓಣಿಯ ಉಳಿದ ಅಷ್ಟೂ ಮನೆಗಳಿಗೆ, ಹಾಡಹಗಲೇ, ಮುಂಬಾಗಿಲಿಗೆ ಹೋಗಿ ಒಂದೊಂದು ಕಡ್ಡಿ ಕೊಟ್ಟು ಬರುತ್ತೇನೆ.