ದಡ್ಡಿಯ ಸುದ್ದಿಯ ಮೇಲಿನ ಉಗುಳು

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಘಟಪ್ರಭೆ ಪ್ರವಾಹದ ಸುದ್ದಿ ಓದಲು ಕೂತೆ. ಎರಡು ಸಾಲಿಗೊಮ್ಮೆ ಗುಟ್ಕಾ ಜಾಹೀರಾತು ಬಂದು ಅಕ್ಷರ ಮುಚ್ಚುತ್ತಿತ್ತು. ಹೇಸಿಗೆಯಾಯಿತು. ಜಾಹೀರಾತೇ ಇಲ್ಲದ, ಬರೀ ಅಕ್ಷರಗಳ ಇನ್ನೊಂದು ಅಂತರ್ಜಾಲವಿದೆ ಎಂದು ಕೇಳಿದ್ದೆ. ಅದರ ಹಗುರ ಬ್ರೌಸರನ್ನು ಇನ್‌ಸ್ಟಾಲ್ ಮಾಡಲು ಹಚ್ಚಿ ಕಾಯುವಾಗ ನಮ್ಮೂರು ನಾಗನೂರಿನ ಹಿಟ್ಟಿನ ಗಿರಣಿ ನೆನಪಾಯಿತು.

ಊರಿಗೆ ಬರುತ್ತಿದ್ದ ಒಂದೇ ಪೇಪರು ಗಿರಣಿಯ ಕಟ್ಟೆಯ ಮೇಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಎಲೆ-ಅಡಿಕೆ ಜಗಿಯುವವರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಿದ್ದರು. ನಮ್ಮ ಸರದಿಯ ಹೊತ್ತಿಗೆ ಮೂಲೆಗಳು ಕೆಂಪಗೆ ಮೆತ್ತಗಾಗಿ ನಾರುತ್ತಿದ್ದವು.

ಹೊಳೆ ಉಕ್ಕಿದ ವರ್ಷ, ಹೊಳೆದಂಡೆಯ ದಡ್ಡಿ ಎಂಬ ಊರಿಗೆ ಕೊಟ್ಟಿದ್ದ ಮಗಳ, ಅಂದರೆ ನನ್ನ ಸೋದರತ್ತೆಯ, ಚಿಂತೆಯಲ್ಲಿ ಅಜ್ಜಿ ಗಿರಣಿಗೆ ಬಂದು ಪೇಪರು ಹಿಡಿದಿದ್ದ ಕಾಕಾನ ಎದುರು ಕೂತಿದ್ದಳು.

“ದಡ್ಡಿದು ಏನರ ಬಂದೈತೇನೋ?”

“ಬಂದೈತಿ ಯವ್ವಾ. ದಡ್ಡಿ ಅಂತ ಹೆಸರು ಕಾಣ್ತೈತಿ. ಮುಂದಿಂದರ ಮ್ಯಾಲ ಯಾವನೋ ಉಗುಳ್ಯಾನ.”

“ಒರಸಿ ಓದೋ!”

ಕಾಕಾ ಧೋತರದ ಚುಂಗಿನಿಂದ ಒರೆಸಿದ. ಉಗುಳಿನ ಜೊತೆ ಅಕ್ಷರವೂ ಕಿತ್ತು ಬಂತು.

“ಇವರ ಬಾಯಾಗ ಮಣ್ಣ ಹಾಕ!” ಅಜ್ಜಿ ಕಟ್ಟೆಯ ಮೇಲಿದ್ದವರನ್ನೆಲ್ಲ ಬೈಯುತ್ತ ದಡ್ಡಿಯ ಬಸ್ಸಿಗೆ ನಡೆದಳು. ಅತ್ತೆ ಬದುಕಿದ್ದಳು, ಮನೆ ಬಿದ್ದಿತ್ತು.

ಬ್ರೌಸರ್ ತೆರೆಯಿತು. ಪುಟ ನಿಜಕ್ಕೂ ಸ್ವಚ್ಛ. ಯಾರ್ಯಾರದೋ ದಿನಚರಿಗಳಿದ್ದವು, ಹೊಳೆಯ ಸುದ್ದಿ ಇರಲಿಲ್ಲ. ಮತ್ತೆ ಆ ಹೊಲಸು ಪುಟಕ್ಕೇ ಹೋದೆ. ಅತ್ತೆಯ ಮಕ್ಕಳು ಈಗಲೂ ದಡ್ಡಿಯಲ್ಲೇ ಇದ್ದಾರೆ.